ಹಾವಣ್ಣನ ಕಾಲರಿನ ಉಣುಗು

ಬಸ್ ಗ್ಯಾರೇಜಿನಲ್ಲಿ ಅವನು ಟೈರು ಬಿಚ್ಚಿ ಹಾಕುವವನು. ಆದರೆ ಯಾರಾದರೂ ಹಾಗೆ ಪರಿಚಯ ಮಾಡಿಕೊಟ್ಟರೆ ಅವನ ಮುಖ ಸಣ್ಣದಾಗುತ್ತಿತ್ತು. ಊರಿಗೆಲ್ಲ ಅವನು ಹಾವಣ್ಣ. ಯಾರ ಬಚ್ಚಲಲ್ಲಿ ಹಾವು ಕಾಣಲಿ, ಯಾರ ಗೋದಾಮಿಗೆ ಉಡ ನುಗ್ಗಲಿ, ಸ್ಪ್ಯಾನರು ಇದ್ದಲ್ಲೇ ಬಿಟ್ಟು ಹೊರಡುವನು. ಹಿಡಿಯುವುದಕ್ಕೆ ಹೆಚ್ಚು ಹೊತ್ತು ಬೇಕಿರಲಿಲ್ಲ. ಹಿಡಿದ ಮೇಲಿನ ಭಾಷಣಕ್ಕೆ ಬೇಕಿತ್ತು. "ಹಾವಿಗೆ ಕಿವಿಯಿಲ್ಲ ಕಣ್ರೀ, ನೆಲ ಅದುರಿದ್ದು ಮಾತ್ರ ಗೊತ್ತಾಗುತ್ತೆ" ಎಂದು ಅವನು ಶುರುಮಾಡಿದರೆ, ಚೀಲದೊಳಗಿನ ಹಾವಿನ ಪುಣ್ಯ ನೆನೆದು ಜನ ಮೆಲ್ಲಗೆ ಜಾಗ ಖಾಲಿ ಮಾಡುವರು.

ಕಾಡಿಗೆ ಬಿಡುವ ಮುನ್ನ ಅವನದೊಂದು ಪದ್ಧತಿ. ಹಾವಿನ ಹುರುಪೆಗಳ ಸಂದಿಯಲ್ಲಿ, ಉಡದ ಕಂಕುಳಲ್ಲಿ ಮೆಣಸಿನ ಕಾಳಿನಂತೆ ಅಂಟಿಕೊಂಡು ರಕ್ತ ಹೀರುವ ಉಣುಗುಗಳನ್ನು ಬರಿಗೈಯಲ್ಲೇ ಒಂದೊಂದಾಗಿ ಕೀಳುವುದು. "ಮಕ್ಕಳನ್ನ ಶಾಲೆಗೆ ಕಳಿಸೋವಾಗ ತಲೆ ಬಾಚಿ ಕಳಿಸಲ್ವೇನ್ರಿ?" ಎನ್ನುವನು.

ಆ ಉಣುಗುಗಳಲ್ಲಿ ಕೆಲವು ಅವನ ಜೊತೆಯಲ್ಲೇ ಮನೆಗೆ ಬರುತ್ತಿದ್ದವು. ಸಂಜೆ ಅವನು ಹಿತ್ತಿಲ ಮೆಟ್ಟಿಲ ಮೇಲೆ ಕೂರುವನು. ಹೆಂಡತಿ ಹಿಂದಿನ ಮೆಟ್ಟಿಲಲ್ಲಿ ಕೂತು ಕಾಲರು, ಕಿವಿಯ ಹಿಂದೆ, ಅಂಗಿಯ ಹೊಲಿಗೆ ಎಲ್ಲ ತಡಕಿ, ಸಿಕ್ಕಿದ್ದನ್ನು ಸೀಮೆಎಣ್ಣೆ ಡಬ್ಬಿಗೆ ಹಾಕುವಳು. ಅಷ್ಟು ಹೊತ್ತೂ ಅವನ ಕಥೆ. ಅದನ್ನು ಕೊನೆತನಕ ಕೇಳುವ ಪ್ರಾಣಿ ಊರಲ್ಲಿ ಅವಳೊಬ್ಬಳೇ.

"ಎಷ್ಟುದ್ದ ಇತ್ತು?"

"ನಿನ್ನಾಣೆ, ಎರಡು ಮಾರು."

"ಒಂದು ಮೊಳ ಕಮ್ಮಿ ಮಾಡಿ. ಒಲೆ ಮೇಲೆ ಪಾತ್ರೆ ಇಟ್ಟು ಬಂದಿದ್ದೀನಿ, ಅಷ್ಟುದ್ದದ ಹಾವಿಗೆ ಪುರುಸೊತ್ತಿಲ್ಲ."

"ನೀನು ಬಂದು ಹಿಡಿದಿದ್ದೆಯೇನೇ?"

"ಹಿಡಿದಿದ್ದೀನಲ್ಲ, ನಿಮ್ಮನ್ನ."

ಒಮ್ಮೆ ಪ್ರಯೋಗಾಲಯದ ಹುಡುಗಿಯೊಬ್ಬಳು ಸೀಸೆ ಹಿಡಿದು ಬಂದಳು. ಕಾಡಿನ ಹಾವು, ಉಡಗಳ ಉಣುಗಿನಲ್ಲಿ ಯಾವ್ಯಾವ ರೋಗಾಣು ಇವೆಯೆಂದು ನೋಡುವುದು ಅವಳ ಕೆಲಸ.

"ಕೈಗೆ ಗ್ಲೌಸ್ ಹಾಕ್ಕೊಳ್ಳಿ ಅಂಕಲ್."

"ನೋಡಮ್ಮಾ, ಹಾವಿನ ಉಣುಗು ಮನುಷ್ಯರ ರಕ್ತ ಮುಟ್ಟಲ್ಲ. ಅದಕ್ಕೆ ತಣ್ಣನೆ ರಕ್ತವೇ ಆಗಬೇಕು."

ಇದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಹೇಳಿ ಹೇಳಿ ಅವನಿಗೇ ನಂಬಿಕೆ ಬಂದುಬಿಟ್ಟಿತ್ತು. ಹೆಬ್ಬಾವಿನ ಮೈಯಿಂದ ಕಿತ್ತು ಸೀಸೆ ತುಂಬಿಸಿ ಕೊಟ್ಟ.

ಸ್ವಲ್ಪ ದಿನಕ್ಕೆ ಹೆಂಡತಿಗೆ ಜ್ವರ ಬಂತು. ಡಾಕ್ಟರು ಕೇಳಿದರು, "ಉಣುಗು ಗಿಣುಗು ಏನಾದ್ರೂ ಕಚ್ಚಿತ್ತೇನಮ್ಮಾ?"

ಅವಳು ಸೊಂಟದ ಹತ್ತಿರ ಕೈ ಒಯ್ದು, "ಇಲ್ಲೊಂದು..." ಎನ್ನುವಷ್ಟರಲ್ಲಿ ಹಾವಣ್ಣ ಬಾಯಿ ಹಾಕಿದ. "ಅದು ಹಾವಿಂದು ಡಾಕ್ಟ್ರೇ. ಮನುಷ್ಯರಿಗೆ ಏನೂ ಮಾಡಲ್ಲ."

ಡಾಕ್ಟರ ಕಾರಿನ ಬಾನೆಟ್ಟಿನೊಳಗಿಂದ ಹಾವು ತೆಗೆದುಕೊಟ್ಟವನೇ ಹಾವಣ್ಣ. ಈ ವಿಷಯದಲ್ಲಿ ಇವನ ಮಾತಿಗೆ ಎದುರುಂಟೇ ಎಂದು ಅವರು ತಲೆಯಾಡಿಸಿ ಮಾಮೂಲಿ ಜ್ವರದ ಮಾತ್ರೆ ಬರೆದರು. ಅವಳು ಗಂಡನ ಮುಖ ನೋಡಿ ಸೆರಗು ಸರಿಮಾಡಿಕೊಂಡಳು.

ಜ್ವರ ಇಳಿಯಲಿಲ್ಲ. ಅಂಗೈ ತುಂಬ ಕೆಂಪು ಚುಕ್ಕೆ ಎದ್ದವು, ಆಮೇಲೆ ಮಾತು ತೊದಲಿತು. ಆಸ್ಪತ್ರೆಗೆ ಸೇರಿಸಿದ್ದಾಯಿತು. ಅವನು ವಾರ್ಡಿನ ಬಾಗಿಲಲ್ಲಿ ನಿಂತಿದ್ದಾಗ ಆ ಹುಡುಗಿಯ ಫೋನು.

"ಅಂಕಲ್, ನೀವು ಕೊಟ್ಟ ಉಣುಗಲ್ಲಿ ಜ್ವರ ತರೋ ಜಾತಿಯ ಬ್ಯಾಕ್ಟೀರಿಯಾ ಸಿಕ್ಕಿದೆ. ಮನುಷ್ಯರಿಗೂ ಬರಬಹುದು ಅನ್ಸುತ್ತೆ. ನೀವೆಲ್ಲ ಹುಷಾರಾಗಿದ್ದೀರಿ ತಾನೆ?"

ಹಾವಣ್ಣ ಓಡಿಹೋಗಿ ಫೋನನ್ನು ಡಾಕ್ಟರ ಕೈಗೆ ಕೊಟ್ಟ.

ಮದ್ದು ಬದಲಾಯಿತು, ಜ್ವರ ಬಿಟ್ಟಿತು, ಜೀವ ಉಳಿಯಿತು. ಅವಳ ಕಿವಿ ಮಾತ್ರ ಹೋಯಿತು. "ಮೊದಲೇ ಕೊಟ್ಟಿದ್ರೆ..." ಎಂದು ಡಾಕ್ಟರು ಅಷ್ಟಕ್ಕೇ ನಿಲ್ಲಿಸಿದರು. ಮತ್ತೆ ಕೇಳಿಸುತ್ತದೆಯೇ ಎಂದರೆ "ನೋಡೋಣ" ಎಂದರು. ಸವೆದ ಟೈರಿನ ಬಗ್ಗೆ ಡ್ರೈವರುಗಳಿಗೆ ಹಾವಣ್ಣ ಹೇಳುತ್ತಿದ್ದದ್ದೂ ಅದೇ ಮಾತು. ಅದರ ಅರ್ಥ ಅವನಿಗೆ ಗೊತ್ತಿತ್ತು.

ಈಗ ಅವನು ಗ್ಲೌಸ್ ಇಲ್ಲದೆ ಹಾವು ಮುಟ್ಟುವುದಿಲ್ಲ. ಗ್ಯಾರೇಜಿನಲ್ಲೇ ಸ್ನಾನ ಮಾಡಿ, ಬೇರೆ ಅಂಗಿ ತೊಟ್ಟು ಮನೆಗೆ ಹೊರಡುತ್ತಾನೆ. ಭಾಷಣ ನಿಂತುಹೋಗಿದೆ. "ಏನೋ ಹಾವಣ್ಣ, ಹಾವು ನಾಲಿಗೆಗೇ ಕಚ್ಚಿತೇನೋ?" ಎಂದು ಜೊತೆಯವರು ಕೆಣಕಿದರೆ ನಕ್ಕು ಸ್ಪ್ಯಾನರು ಎತ್ತಿಕೊಳ್ಳುತ್ತಾನೆ. ಮನೆಗೆ ಬಂದದ್ದು ಅವಳಿಗೆ ತಿಳಿಯಲೆಂದು ಹೊಸ್ತಿಲ ಬಳಿಯ ಹಲಗೆಯನ್ನು ನೆಲ ಅದುರುವಂತೆ ಕಾಲಿಂದ ಎರಡು ಸಲ ಕುಟ್ಟುತ್ತಾನೆ. ಅವಳು ಬಂದು ಹಿತ್ತಿಲ ಮೆಟ್ಟಿಲಲ್ಲಿ ಅವನ ಹಿಂದೆ ಕೂತು, ಏನೂ ಇಲ್ಲದ ಕಾಲರನ್ನು ತಡಕುತ್ತಾಳೆ. ಅವನು ಕತ್ತು ಬಗ್ಗಿಸಿ ಸುಮ್ಮನೆ ಕೂತಿರುತ್ತಾನೆ.

ಮೊನ್ನೆ ಗ್ಯಾರೇಜಿನ ಗುಂಡಿಯಲ್ಲಿ ಒಂದು ಮರಿ ಹೆಬ್ಬಾವು ಸಿಕ್ಕಿತ್ತು. ಅವನ ಮೊಳಕೈ ಹತ್ತಿರ ಹೊಸ ತರಚು ಕಂಡವಳೇ ಅವಳು ಎದುರಿಗೆ ಬಂದು ಕೂತಳು. ತನ್ನ ದನಿ ತನಗೇ ಕೇಳಿಸದಾದ ಮೇಲೆ ಅವಳ ಪಿಸುಮಾತೂ ಬೀದಿಗೆಲ್ಲ ಕೇಳುತ್ತದೆ.

"ಎಷ್ಟುದ್ದ ಇತ್ತು?"

ಹಾವಣ್ಣ ಎರಡೂ ಕೈ ಎತ್ತಿ ತೋರಿಸಿದ. ಇದ್ದದ್ದು ಎಷ್ಟೋ ಅಷ್ಟೇ. ಒಂದು ಬೆರಳೂ ಹೆಚ್ಚಿಲ್ಲ.

ಅವಳು ಆ ಕೈಗಳನ್ನೇ ನೋಡುತ್ತ ಕಾದಳು. ಅವು ಅಲ್ಲಾಡಲಿಲ್ಲ.

"ಅಷ್ಟೇನಾ?" ಎಂದು ಕೂಗಿ, ಅವನ ಎರಡೂ ಮಣಿಕಟ್ಟು ಹಿಡಿದು, ತೋಳು ಚಾಚುವಷ್ಟೂ ಅಗಲಕ್ಕೆ ಎಳೆದಳು.