ಆರೋಗ್ಯವಂತರ ಪಟ್ಟಿಯ ಏಳನೆಯ ಸಾಲು

ತಮ್ಮನ ಮಗಳು ಮಣಿಪಾಲದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಕಳೆದ ವಾರ ಅವಳ ಪ್ರಯೋಗಾಲಯ ನೋಡಲು ಹೋಗಿದ್ದೆ. ಮಂಜುಗಡ್ಡೆ ತುಂಬಿದ ಡಬ್ಬದಿಂದ ಕಿರುಬೆರಳಿನ ತುದಿಯಷ್ಟಿದ್ದ ಒಂದು ಶೀಶೆ ತೆಗೆದು ನನ್ನ ಅಂಗೈಯಲ್ಲಿಟ್ಟಳು.

"ಅತ್ತೆ, ನೀವು ಆಗ ಮಾಡುತ್ತಿದ್ದದ್ದು ಇದೇ ಅಲ್ವಾ?"

ಹೌದು, ಅದೇ. ಮೇದೋಜೀರಕ ಗ್ರಂಥಿಯ ರಸ ಆ ಗ್ರಂಥಿಯನ್ನೇ ಜೀರ್ಣಿಸಿಬಿಡದಂತೆ ತಡೆಯುವ ಒಂದು ಪುಟ್ಟ ಪ್ರೋಟೀನು ನಮ್ಮೆಲ್ಲರ ದೇಹದಲ್ಲಿದೆ. ಅದನ್ನು ಹುಡುಕಿ ಹಿಡಿಯುವ ಪ್ರತಿಕಾಯ ಆ ಶೀಶೆಯಲ್ಲಿತ್ತು. ಚೀಟಿಯ ಕೊನೆಯಲ್ಲಿ, ಇದನ್ನು ಪಡೆದದ್ದು ಮೊಲದಿಂದ ಎಂದು ಅಚ್ಚಾಗಿತ್ತು. ಅದನ್ನು ಓದಿದ್ದೇ ತಡ, ಆ ತಣ್ಣನೆಯ ಕೋಣೆಯಲ್ಲಿ ನನಗೆ ಒಣಹುಲ್ಲಿನ ವಾಸನೆ ಬಂತು…

ಎಂಬತ್ತರ ದಶಕದ ಮೊದಲ ವರ್ಷಗಳವು. ನಾನು ಕುಕ್ಕುಂದೂರಿನಿಂದ ಇದೇ ಊರಿನ ಒಂದು ಪ್ರಯೋಗಾಲಯಕ್ಕೆ ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ ತಂತ್ರಜ್ಞೆ. ಇಂಥ ಶೀಶೆಯನ್ನು ಆಗ ನಾವು ಕೊಳ್ಳುತ್ತಿರಲಿಲ್ಲ. ಆ ಪ್ರೋಟೀನನ್ನು ಮೊಲಕ್ಕೆ ಚುಚ್ಚಿ, ವಾರಗಟ್ಟಲೆ ಕಾದು, ಅದರ ಕಿವಿಯಿಂದ ಸ್ವಲ್ಪ ರಕ್ತ ತೆಗೆದು ಪ್ರತಿಕಾಯವನ್ನು ಪಡೆಯುತ್ತಿದ್ದೆವು. ಮೊಲಗಳನ್ನು ನೋಡಿಕೊಳ್ಳುತ್ತಿದ್ದವರು ಹೂಡೆಯ ಒಬ್ಬ ಬ್ಯಾರಿ ಮುಸ್ಲಿಂ ಹಿರಿಯರು. ನಾವೆಲ್ಲ ಅವರನ್ನು ಕಾಕ ಎಂದೇ ಕರೆಯುತ್ತಿದ್ದೆವು.

ರಕ್ತ ತೆಗೆಯುವ ಮೊದಲು ಕಿವಿಗೆ ಕ್ಸೈಲೀನ್ ಎಂಬ ರಾಸಾಯನಿಕ ಸವರಬೇಕೆಂಬ ನಿಯಮವಿತ್ತು. ಅದರಿಂದ ನರ ಉಬ್ಬಿ ಕಾಣುತ್ತದೆ. ಕಾಕ ಆ ಬಾಟಲಿಯನ್ನು ಮುಟ್ಟಲು ಬಿಡುತ್ತಿರಲಿಲ್ಲ.

"ಅದು ಹಾಕಿದರೆ ಉರಿಯುತ್ತದೆ ಮಗಳೇ. ಸ್ವಲ್ಪ ತಡಿ."

ಮೊಲವನ್ನು ಹಳೆಯ ಲುಂಗಿಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು, ಅದರ ಕಿವಿಯನ್ನು ಎರಡೂ ಅಂಗೈಗಳ ನಡುವೆ ಹಿಡಿದು ಕೂರುತ್ತಿದ್ದರು. ಬ್ಯಾರಿ ಭಾಷೆಯಲ್ಲಿ ಅದರೊಡನೆ ಏನೋ ಮೆಲ್ಲಗೆ ಮಾತಾಡುತ್ತಿದ್ದರು. ಐದು ನಿಮಿಷಕ್ಕೆ ನರ ತಾನಾಗಿ ತುಂಬಿಕೊಳ್ಳುತ್ತಿತ್ತು. ನಮ್ಮ ಕೆಲಸಕ್ಕೆ ಬೇಕಾದ ಅತ್ಯುತ್ತಮ ಪ್ರತಿಕಾಯ ಕೊಟ್ಟದ್ದು ಒಂದು ಬಿಳಿ ಹೆಣ್ಣು ಮೊಲ. ಅದನ್ನು ತೋರಿಸಿ ಕಾಕ ಕೇಳುತ್ತಿದ್ದರು, "ಪ್ರೊಫೆಸರರು ದೊಡ್ಡ ಜನ ಆದದ್ದು ಇವಳಿಂದ. ಅವರು ಬರೆದ ಪೇಪರಿನಲ್ಲಿ ಇವಳ ಹೆಸರು ಉಂಟಾ?"

ಹೊಟ್ಟೆನೋವಿನ ರೋಗಿಗಳ ರಕ್ತದಲ್ಲಿ ಆ ಪ್ರೋಟೀನು ಎಷ್ಟಿದೆಯೆಂದು ಅಳೆಯುವುದು ನಮ್ಮ ಕೆಲಸ. ಗ್ರಂಥಿಗೆ ಕಾಯಿಲೆಯಾದರೆ ಅದು ರಕ್ತದಲ್ಲಿ ಹೆಚ್ಚುತ್ತದೆ. ಯಂತ್ರ ಓದಿದ್ದನ್ನು ಲೆಕ್ಕಹಾಕಿ ಒಬ್ಬೊಬ್ಬರಿಗೆ ಒಂದೊಂದು ಸಂಖ್ಯೆ ಬರೆಯುತ್ತಿದ್ದೆ. ಹೋಲಿಸಿ ನೋಡಲು ಆರೋಗ್ಯವಂತರ ರಕ್ತವೂ ಬೇಕಿತ್ತು. ಅದಕ್ಕೆ ನಮ್ಮಲ್ಲೊಂದು ರೂಢಿ ಇತ್ತು: ಕೈಗೆ ಸಿಕ್ಕಿದವರನ್ನು ಕರೆಯುವುದು. ಟೈಪಿಸ್ಟ್, ಜೀಪಿನ ಡ್ರೈವರ್, ಕ್ಯಾಂಟೀನಿನ ಭಟ್ಟರು, ನಾನು… ಯಾರನ್ನೂ ಯಾವ ವೈದ್ಯರೂ ಪರೀಕ್ಷಿಸಿರಲಿಲ್ಲ. ಕೆಲಸಕ್ಕೆ ಬಂದವರೆಲ್ಲ ಆರೋಗ್ಯವಂತರು. ಏಳನೆಯವರು ಕಾಕ.

ತೋಳು ಚಾಚುತ್ತಾ ಅವರು ಕೇಳಿದರು, "ಕಿವಿಯಿಂದ ತೆಗೆಯುವುದಿಲ್ವಾ?"

ನಾನು ನಕ್ಕು ಸೂಜಿ ಹಿಡಿದ ಕೈಯನ್ನು ಒಮ್ಮೆ ಹಿಂದೆ ತೆಗೆದುಕೊಳ್ಳಬೇಕಾಯಿತು.

ಆರು ಜನರ ಸಂಖ್ಯೆಗಳು ಹೆಚ್ಚುಕಡಿಮೆ ಒಂದೇ ಆಗಿದ್ದವು. ಏಳನೆಯದು ಅವುಗಳ ನಾಲ್ಕು ಪಟ್ಟು. ಮತ್ತೊಮ್ಮೆ ಮಾಡಿದೆ. ಅಷ್ಟೇ ಬಂತು. ನಾನು ಯೋಚಿಸಿದೆ: ಕಾಕ ದಿನವಿಡೀ ಮೊಲಗಳ ನಡುವೆ ಇರುವವರು, ಅವರ ಕೈಯಿಂದಲೋ ಬಟ್ಟೆಯಿಂದಲೋ ಏನಾದರೂ ಬೆರೆತು ಪರೀಕ್ಷೆ ಕೆಟ್ಟಿರಬೇಕು. ಹಾಗೆಂದು ಅಂಚಿನಲ್ಲಿ ಬರೆದು, ಏಳನೆಯ ಸಾಲಿನ ಮೇಲೆ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದೆ. ಕಾಕನ ಬದಲಿಗೆ ಕಾವಲುಗಾರನ ರಕ್ತ ತೆಗೆದುಕೊಂಡೆ. ಅವನ ಸಂಖ್ಯೆ ಉಳಿದವರ ಸಾಲಿಗೆ ಸರಿಯಾಗಿ ಕೂತಿತು.

"ಎಂತ ಮಗಳೇ, ನನ್ನ ರಕ್ತ ಪಾಸಾ, ಫೇಲಾ?"

"ಪಾಸ್, ಕಾಕ."

ಸುಲಭವಾಗಿತ್ತು ಹಾಗೆ ಹೇಳುವುದು. ಪರೀಕ್ಷೆ ಕೆಟ್ಟಿತು ಎಂದರೆ ಅವರು ಅದು ಮೊಲಗಳ ತಪ್ಪೋ, ತಮ್ಮ ತಪ್ಪೋ ಎಂದು ನೊಂದುಕೊಳ್ಳುತ್ತಿದ್ದರು.

ಆ ದಿನಗಳಲ್ಲಿ ಕಾಕ ಗೂಡುಗಳ ಮುಂದೆ ಮೊಣಕಾಲುಗಳನ್ನು ಎದೆಗೆ ಒತ್ತಿಕೊಂಡು, ಮುಂದಕ್ಕೆ ಬಾಗಿ ಕೂರುತ್ತಿದ್ದರು. ಮೊಲಗಳ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಲು ಹಾಗೆ ಕೂರುತ್ತಾರೆ ಎಂದುಕೊಂಡಿದ್ದೆ. ಕಾಪುವಿನಿಂದ, ಕಾರ್ಕಳದಿಂದ ಬಂದ ಎಷ್ಟೋ ರೋಗಿಗಳ ಹಾಳೆಗಳಲ್ಲಿ ನಾನೇ ಬರೆದಿದ್ದೆ: 'ಮುಂದಕ್ಕೆ ಬಾಗಿ ಕುಳಿತರೆ ನೋವು ಕಡಿಮೆ.' ಬರೆದ ಕೈ ನನ್ನದೇ, ನೋಡಿದ ಕಣ್ಣೂ ನನ್ನದೇ…

ಐದು ತಿಂಗಳ ನಂತರ ಅವರ ಕಣ್ಣು ಹಳದಿಯಾಯಿತು. ಆಸ್ಪತ್ರೆಯಲ್ಲಿ ಹೊಟ್ಟೆ ತೆರೆದು ನೋಡಿ, ಹಾಗೆಯೇ ಹೊಲಿದರು. ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆ. ತೆಗೆಯುವ ಹಂತ ದಾಟಿತ್ತು. ಮತ್ತೆ ಇದ್ದದ್ದು ಹದಿನೆಂಟು ದಿನ. ನೋಡಲು ಹೋದಾಗ ನನ್ನ ಕೈಯನ್ನು ತಮ್ಮ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು, "ಬಿಳಿಯವಳು ಸೊಪ್ಪು ತಿನ್ನುತ್ತಾಳಾ?" ಎಂದು ಕೇಳಿದರು. ತಿನ್ನುತ್ತಾಳೆ ಎಂದೆ. ಅದು ನಿಜವಾಗಿತ್ತು.

ದುಬೈಯಲ್ಲಿದ್ದ ಒಬ್ಬನೇ ಮಗನಿಗೆ ರಜೆ ಸಿಗಲಿಲ್ಲ. ಅವನು ಬಂದು ತಲುಪಿದ್ದು ಕಾಕನನ್ನು ಮಣ್ಣು ಮಾಡಿದ ಮೂರನೆಯ ದಿನ. ನಾನು ಕೆಮ್ಮಣ್ಣಿನಲ್ಲಿ ಬಸ್ಸಿಳಿದು ಹೂಡೆಗೆ ನಡೆದೆ. ಮಗ ಅಂಗಳದಲ್ಲಿ ಬಿಚ್ಚದ ಪೆಟ್ಟಿಗೆಯ ಪಕ್ಕ ಕೂತಿದ್ದ.

"ಅಕ್ಕ, ನೀವು ದಿನಾ ಒಟ್ಟಿಗೆ ಇದ್ದವರು. ಮೊದಲೇ ಎಂತಾದರೂ ಗೊತ್ತಾಗಿತ್ತಾ? ಒಂದು ಮಾತು ತಿಳಿದಿದ್ದರೆ ಆ ಕೆಲಸ ಬಿಟ್ಟಾದರೂ ಬರುತ್ತಿದ್ದೆ."

"ಇಲ್ಲ," ಎಂದೆ.

ಆ ಸಂಖ್ಯೆ ಕಾಯಿಲೆ ಇಂಥದ್ದೇ ಎಂದು ಹೇಳುತ್ತಿರಲಿಲ್ಲ; ಈ ಮನುಷ್ಯನನ್ನು ಒಮ್ಮೆ ನೋಡಿ ಎಂದಷ್ಟೇ ಹೇಳುತ್ತಿತ್ತು. ನೋಡಿದ್ದರೂ ಅವರು ಉಳಿಯುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಮಗ ಬಂದು ತಲುಪುವಷ್ಟು ದಿನ ಸಿಗುತ್ತಿತ್ತು. ಅಷ್ಟು ಮಾತ್ರ ಗೊತ್ತು. ಅವನಿಗೆ ನಾನು ಆ ಮೇಲೂ ಹೇಳಲಿಲ್ಲ. ಈಗ ಅವನು ಎಲ್ಲಿದ್ದಾನೋ…

"ಅತ್ತೆ, ಅದು ಬಿಸಿಯಾಗಬಾರದು," ಎಂದಳು ತಮ್ಮನ ಮಗಳು. ನೋಡಿದರೆ, ಶೀಶೆಯನ್ನು ನನ್ನ ಎರಡೂ ಅಂಗೈಗಳ ನಡುವೆ ಹಿಡಿದುಕೊಂಡಿದ್ದೆ. ಅವಳು ಅದನ್ನು ತೆಗೆದು ಮಂಜುಗಡ್ಡೆಯಲ್ಲಿಟ್ಟಳು. ಹೋಲಿಕೆಗೆ ಆರೋಗ್ಯವಂತರ ರಕ್ತ ಬೇಕು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ನೀವೂ ಕೊಡುತ್ತೀರಾ ಎಂದು ಕೇಳಿದಳು.

"ಕೊಡುತ್ತೇನೆ. ಆದರೆ ಸಂಖ್ಯೆ ಹೇಗೆ ಬಂದರೂ ನನಗೆ ಹೇಳಬೇಕು."

"ಎಂತ ಅತ್ತೆ, ನಿಮ್ಮದು ಸರಿಯಾಗಿಯೇ ಬರುತ್ತದೆ."

"ಬಾರದಿದ್ದರೆ ಹೇಳು," ಎಂದು ತೋಳು ಚಾಚಿದೆ.