ಖಾಲಿ ಬಂದ ಡಬ್ಬಿ

ಮನ್ನಾಏಖೇಳ್ಳಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ವಿದ್ಯಾವತಿ ಟೀಚರ್ ಮಕ್ಕಳ ಪಾಲಿಗೆ ನ್ಯಾಯವಂತೆ. ಯಾರಿಗೂ ಅರ್ಧ ಅಂಕ ಹೆಚ್ಚು ಕೊಟ್ಟವಳಲ್ಲ, ಯಾರದೂ ಅರ್ಧ ಅಂಕ ಕಸಿದವಳಲ್ಲ. ಆದರೆ ಬಸವಕಲ್ಯಾಣದ ತವರುಮನೆಯಲ್ಲಿ ಕಾಕಾನ ಮಗಳು ರೂಪಾಲಿಯ ಹೆಸರು ಬಂದರೆ ಸಾಕು, ಇದೇ ಟೀಚರ್ ಎದ್ದು ನೀರು ಕುಡಿಯಲು ಒಳಗೆ ಹೋಗುತ್ತಾಳೆ. ಇದು ನಿನ್ನೆ ಮೊನ್ನೆಯ ಸಂಕಟವಲ್ಲ.

ರೂಪಾಲಿಯ ತಾಯಿ ಬಾಣಂತನದಲ್ಲೇ ತೀರಿಕೊಂಡಳು. ವಿದ್ಯಾವತಿ ರೂಪಾಲಿಗಿಂತ ಕೆಲವೇ ತಿಂಗಳು ದೊಡ್ಡವಳು. ವಿದ್ಯಾವತಿಯ ತಾಯಿ ಕಸ್ತೂರಿಬಾಯಿ ಎರಡೂ ಕೂಸುಗಳನ್ನು ಒಂದೇ ತೊಟ್ಟಿಲಲ್ಲಿ ಹಾಕಿ ತೂಗಿದಳು. ಮೊದಲ ತುತ್ತು ಯಾವಾಗಲೂ ತಾಯಿಯಿಲ್ಲದ ಕೂಸಿಗೆ. ವಿದ್ಯಾವತಿ ಮುಖ ಊದಿಸಿದರೆ ಅವ್ವ ನಗುತ್ತಿದ್ದಳು: "ನಿನಗ ನಾ ಇದ್ದೀನಲ್ಲ." ಇದ್ದ ಅವ್ವನೂ ಅರ್ಧ ರೂಪಾಲಿಯ ಪಾಲಿಗೆ ಹೋದಳಲ್ಲ ಎಂಬುದನ್ನು ಯಾರಿಗೆ ಹೇಳಬೇಕು?

ಬಿ.ಎಸ್ಸಿ.ಗೆ ಇಬ್ಬರಿಗೂ ಹುಮನಾಬಾದಿನಲ್ಲಿ ಸೀಟು ಸಿಕ್ಕಿತು. ಬಸ್ ಸ್ಟ್ಯಾಂಡಿನ ಹಿಂದೆ ಜಿಜಾಬಾಯಿಯ ಮನೆಯಲ್ಲಿ ಒಂದು ಕೋಣೆ ಹಿಡಿದರು. ಊಟ ಮಾತ್ರ ಮನೆಯದೇ. ಕಸ್ತೂರಿಬಾಯಿ ನಸುಕಿನಲ್ಲಿ ರೊಟ್ಟಿ ಬಡಿದು, ಪಲ್ಯ, ಹಿಂಡಿ ಚಟ್ನಿ ಕಟ್ಟಿ, ಬುತ್ತಿಯ ಡಬ್ಬಿಯನ್ನು ಕಂಡಕ್ಟರ್ ಪೀರ್ ಪಾಷಾನ ಕೈಗೆ ಕೊಡಿಸುತ್ತಿದ್ದಳು. ಸಂಜೆಯ ಬಸ್ಸಿಗೆ ತೊಳೆದ ಡಬ್ಬಿ ವಾಪಸು ಹೋಗುತ್ತಿತ್ತು.

ಅವ್ವನಿಗೆ ಓದು ಬರದು. ಅದಕ್ಕೇ ಅವಳೊಂದು ಕಟ್ಟಳೆ ಮಾಡಿದ್ದಳು. ಡಬ್ಬಿಯಲ್ಲಿ ಬೆಲ್ಲದ ಚೂರು ಬಂದರೆ ಹುಡುಗಿಯರು ಚೆನ್ನಾಗಿದ್ದಾರೆ. ಒಣಮೆಣಸಿನಕಾಯಿ ಬಂದರೆ ಮೈಯಲ್ಲಿ ನೆಟ್ಟಗಿಲ್ಲ. ಉಳ್ಳಾಗಡ್ಡಿ ಬಂದರೆ ಮನೆಯಿಂದ ಯಾರಾದರೂ ಹೊರಟು ಬರಬೇಕು. ಖಾಲಿ ಡಬ್ಬಿ ಕಳಿಸುವ ಮಾತೇ ಇಲ್ಲ. ಹೆಣ್ಣುಮಕ್ಕಳು ತವರಿಗೆ ಖಾಲಿ ಪಾತ್ರೆ ಕಳಿಸಬಾರದು ಎಂಬುದು ಆ ಮನೆಯ ರೂಢಿ.

ಮೊದಲ ವರ್ಷದ ಫಲಿತಾಂಶ ಬಂತು. ವಿದ್ಯಾವತಿಗೆ ಎಲ್ಲ ವಿಷಯದಲ್ಲೂ ಅರವತ್ತರ ಮೇಲೆ, ಫಸ್ಟ್ ಕ್ಲಾಸು. ರೂಪಾಲಿಯದು ಏರುತಗ್ಗಿನ ಹಾದಿ: ಗಣಿತದಲ್ಲಿ ತೊಂಬತ್ತಾರು, ಇಂಗ್ಲಿಷಿನಲ್ಲಿ ಹೇಗೋ ದಾಟಿದ್ದಳು, ರಸಾಯನಶಾಸ್ತ್ರದಲ್ಲಿ ನಪಾಸು. ಆ ವಾರ ವಿದ್ಯಾವತಿ ಹಾಡು ಗುನುಗುತ್ತ ಡಬ್ಬಿ ತೊಳೆದಳು.

ಅಷ್ಟರಲ್ಲಿ ಗಣಿತದ ಮೊಹಿನುದ್ದೀನ್ ಸರ್ ಒಂದು ಸುದ್ದಿ ತಂದರು. ಧಾರವಾಡದ ದೊಡ್ಡ ವಿಶ್ವವಿದ್ಯಾಲಯದಲ್ಲಿ ಎರಡನೆಯ ವರ್ಷಕ್ಕೆ ಒಂದು ಸೀಟು ತೆರವಾಗಿದೆ, ಬೇರೆ ಕಡೆಯವರನ್ನು ಪರೀಕ್ಷಿಸಿ ತೆಗೆದುಕೊಳ್ಳುತ್ತಾರೆ, ಇಬ್ಬರೂ ಅರ್ಜಿ ಹಾಕಿರಿ ಎಂದರು. ನಪಾಸಾದವಳನ್ನು ಅವರು ಬಾಗಿಲೊಳಗೂ ಬಿಡುವುದಿಲ್ಲ ಎಂದು ವಿದ್ಯಾವತಿ ನಂಬಿದ್ದಳು. ಆದರೆ ಕರೆ ಇಬ್ಬರಿಗೂ ಬಂತು. ರೂಪಾಲಿಯ ತಂದೆ, ಬಟ್ಟೆ ಅಂಗಡಿಯ ಬಸವಣಪ್ಪ, ಇಬ್ಬರನ್ನೂ ಕರೆದುಕೊಂಡು ಹೋದ.

ಕೇಳಿದ್ದಕ್ಕೆಲ್ಲ ವಿದ್ಯಾವತಿ ಪಾಠ ಒಪ್ಪಿಸಿದಳು. ಕೊನೆಗೆ ಹಲಗೆಯ ಮೇಲೆ ಒಂದು ಲೆಕ್ಕ ಕೊಟ್ಟರು. ಇದು ನಮ್ಮ ಪುಸ್ತಕದಲ್ಲಿ ಇಲ್ಲ ಎಂದು ಹೇಳಿ ಸುಮ್ಮನೆ ನಿಂತಳು. ರೂಪಾಲಿಗೂ ಅದೇ ಲೆಕ್ಕ. ಅವಳು ತಪ್ಪು ಮಾಡಿ ಅಳಿಸಿ, ಮತ್ತೆ ತಪ್ಪು ಮಾಡಿ ಅಳಿಸಿ, ಕಡೆಗೂ ಬಿಡಿಸಿದಳಂತೆ. ಹೊರಗೆ ಬಂದಾಗ ಅವಳ ಮೊಣಕೈವರೆಗೂ ಸೀಮೆಸುಣ್ಣ. ವಿದ್ಯಾವತಿ ತನ್ನ ಸ್ವಚ್ಛ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಸೀಟು ರೂಪಾಲಿಗೆ ಆಯಿತು, ಒಂದು ಷರತ್ತಿನ ಮೇಲೆ. ಬಾಕಿ ಉಳಿದ ರಸಾಯನಶಾಸ್ತ್ರವನ್ನು ಈ ಸಲದ ಪೂರಕ ಪರೀಕ್ಷೆಯಲ್ಲಿ ಹುಮನಾಬಾದಿಗೆ ಬಂದು ಬರೆದು ಪಾಸಾಗಬೇಕು. ಇಲ್ಲವಾದರೆ ಸೀಟು ಹೋಗುತ್ತದೆ. ಹೊರಡುವಾಗ ಅವಳು ವಿದ್ಯಾವತಿಯ ಕೈ ಹಿಡಿದು, "ಅಕ್ಕಾ, ನೋಟಿಸ್ ಬೋರ್ಡ್ ನೀನ ನೋಡ್ತಿರು. ನನಗ ಇಲ್ಲಿ ನಿನ್ನ ಬಿಟ್ಟು ಯಾರಿದ್ದಾರ?" ಎಂದಳು. ಹಾಸ್ಟೆಲಿನ ಫೋನ್ ನಂಬರನ್ನೂ ಕೊಟ್ಟಳು.

ಅಲ್ಲಿಂದ ಮನೆಯ ಒಲೆಯೇ ಧಾರವಾಡದ ಕಡೆ ತಿರುಗಿದಂತಾಯಿತು. ಅವಳಿಗೆಂದು ಕಡಕ್ ರೊಟ್ಟಿ, ಅವಳಿಗೆಂದು ಶೇಂಗಾ ಹಿಂಡಿ, ಅವಳಿಗೆಂದು ಹೊಸ ತುಪ್ಪ. ಶನಿವಾರ ಮನೆಗೆ ಹೋದರೆ ಓಣಿಯ ಹೆಂಗಸರು ಬಾಗಿಲಲ್ಲೇ ತಡೆಯುತ್ತಿದ್ದರು. ರೂಪಾಲಿ ಹ್ಯಾಂಗ ಇದ್ದಾಳ, ನೀ ಯಾಕ ಹೋಗಲಿಲ್ಲ, ನಿನಗ ಮಾರ್ಕ್ಸ್ ಬರಲಿಲ್ಲೇನು ಎಂದು ಕೇಳುತ್ತಿದ್ದರು. ತನಗೆ ಎಲ್ಲದರಲ್ಲೂ ಫಸ್ಟ್ ಕ್ಲಾಸು ಎಂದು ಅವಳು ಹೇಳಿದರೆ, ಹಾಗಾದರೆ ಅವಳನ್ಯಾಕೆ ತೆಗೆದುಕೊಂಡರು ಎಂದು ಮರುಪ್ರಶ್ನೆ. ರಾತ್ರಿ ಹಾಸಿಗೆಯಲ್ಲಿ ಆ ಹಲಗೆ ಕಣ್ಣ ಮುಂದೆ ಬರುತ್ತಿತ್ತು.

ಅದು ತೊಂಬತ್ತೊಂಬತ್ತರ ಚುನಾವಣೆಯ ಹೊತ್ತು. ಒಂದು ಶುಕ್ರವಾರ ಬೆಳಿಗ್ಗೆ ಕಾಲೇಜಿನ ಬೋರ್ಡಿನ ಮೇಲೆ ನೋಟಿಸು. ಮತಗಟ್ಟೆಗೆ ಕೋಣೆಗಳು ಬೇಕಾದ್ದರಿಂದ ಗುರುವಾರ ಇದ್ದ ರಸಾಯನಶಾಸ್ತ್ರದ ಪರೀಕ್ಷೆ ಸೋಮವಾರಕ್ಕೇ ಬಂದಿತ್ತು. ರೂಪಾಲಿ ಹೊರಡುವವಳು ಮಂಗಳವಾರ. ವಿದ್ಯಾವತಿ ನೋಟಿಸನ್ನು ಓದಿದಳು, ಮತ್ತೊಮ್ಮೆ ಓದಿದಳು.

ಮಧ್ಯಾಹ್ನ ವರಾಂಡದಲ್ಲಿ ಮೊಹಿನುದ್ದೀನ್ ಸರ್ ಸಿಕ್ಕು, ರೂಪಾಲಿಗೆ ತಿಳಿಸಿದೆಯಾ ಎಂದು ಕೇಳಿದರು.

"ಹೌದ್ರಿ ಸರ್, ತಿಳಿಸೀನಿ," ಎಂದಳು. ಮಾತು ಬಾಯಿಂದ ಅಷ್ಟು ಸಲೀಸಾಗಿ ಹೊರಬಿದ್ದದ್ದು ಅವಳಿಗೇ ಸೋಜಿಗ.

ಜಹೀರುದ್ದೀನನ ಎಸ್.ಟಿ.ಡಿ. ಅಂಗಡಿಯ ಮುಂದೆ ಹಾದುಬಂದಳು. ಒಳಗೆ ಯಾರೂ ಇರಲಿಲ್ಲ, ಫೋನು ಬಿಡುವಾಗಿತ್ತು. ನಿಂತಳು, ಮುಂದೆ ನಡೆದಳು. ತಾನೇನೂ ಮಾಡುತ್ತಿಲ್ಲ, ಸುಮ್ಮನಿದ್ದೇನೆ ಅಷ್ಟೆ ಎಂದುಕೊಂಡಳು.

ಸಂಜೆ ಡಬ್ಬಿ ತೊಳೆದು ಒರೆಸಿ ಮುಂದಿಟ್ಟುಕೊಂಡಾಗ ಕೈ ನಿಂತಿತು. ಉಳ್ಳಾಗಡ್ಡಿ ಹಾಕಿದರೆ ಕಾಕಾ ಬರುತ್ತಾನೆ, ಸುದ್ದಿ ಧಾರವಾಡ ಮುಟ್ಟುತ್ತದೆ. ಬೆಲ್ಲ ಹಾಕಲೆಂದು ಚೂರನ್ನು ಕೈಗೆ ತೆಗೆದುಕೊಂಡಳು. ಸರ್ ಮುಂದೆ ಸುಳ್ಳು ಹೇಳಿದ್ದಾಗಿತ್ತು. ಅವ್ವನ ಮುಂದೆ ಅದೇ ಸುಳ್ಳನ್ನು ಡಬ್ಬಿಯಲ್ಲಿಟ್ಟು ಕಳಿಸಲು ಮನಸ್ಸಾಗಲಿಲ್ಲ. ಚೂರನ್ನು ಮತ್ತೆ ಗೂಡಿನಲ್ಲಿಟ್ಟಳು. ಏನೂ ಹಾಕದಿದ್ದರೆ ಏನೂ ಹೇಳಿದಂತಾಗಲಿಲ್ಲವಲ್ಲ ಎಂದು ಲೆಕ್ಕ ಹಾಕಿ ಮುಚ್ಚಳ ಬಿಗಿದಳು.

ಪೀರ್ ಪಾಷಾ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. "ಏನ್ ಬೇಟಿ, ಇವತ್ತ ಡಬ್ಬಿ ಮಾತಾಡವಲ್ದು?"

"ಬೆಲ್ಲ ಸಣ್ಣದದ ಕಾಕಾ," ಎಂದಳು. ಅವನು ಅದನ್ನು ತನ್ನ ಸೀಟಿನ ಕೆಳಗೆ ಇಟ್ಟುಕೊಂಡ.

ಮರುದಿನ ಬೆಳಗಿನ ಬಸ್ಸಿನಿಂದ ಬುತ್ತಿಯ ಜೊತೆಗೆ ಬಸವಣಪ್ಪನೇ ಇಳಿದ. ಅಂಗಡಿ ತೆರೆಯದೆ ಬಂದಿದ್ದ. ಅವಳನ್ನು ಮೇಲಿಂದ ಕೆಳಗೆ ನೋಡಿ, ಹಣೆ ಮುಟ್ಟಿ, ಜಿಜಾಬಾಯಿಯ ಕಟ್ಟೆಯ ಮೇಲೆ ಕುಸಿದು ಕುಳಿತ.

"ಮೈಯಾಗ ಆರಾಮ ಇದ್ದೀ ಅಲ್ಲ? ಖಾಲಿ ಡಬ್ಬಿ ನೋಡಿ ನಿಮ್ಮವ್ವ ರಾತ್ರಿ ಉಂಡಿಲ್ಲ. ಬೆಲ್ಲ ಇಲ್ಲ, ಮೆಣಸಿನಕಾಯಿನೂ ಇಲ್ಲ, ನನ್ನ ಕೂಸಿಗಿ ಕೈ ಎತ್ತಾಕ ಸೈತ ಆಗಿಲ್ಲೇನೋ ಅಂತ ಅಳಾಕತ್ತಿದ್ದಳು. ಆಕೀನೂ ಬರಾಕಿ ಇದ್ದಳು, ನಾನ ಬ್ಯಾಡ ಅಂದೆ."

ನನ್ನ ಕೂಸು. ರೂಪಾಲಿಗಲ್ಲ, ತನಗಾಗಿ ಅವ್ವ ರಾತ್ರಿಯೆಲ್ಲ ಅತ್ತಿದ್ದಳು. ವಿದ್ಯಾವತಿಗೆ ಹೊಟ್ಟೆಯೊಳಗೆ ಒಂದು ಗಳಿಗೆ ತಂಪಾಯಿತು. ಆ ತಂಪು ಮುಗಿಯುವುದರೊಳಗೆ ಹೇಳಿದಳು: "ಕಾಕಾ, ರೂಪಾಲಿ ಪರೀಕ್ಷಾ ಸೋಮವಾರಕ್ಕ ಬಂದದ."

"ಯಾವಾಗ ಗೊತ್ತಾತು?"

"ನಿನ್ನಿ."

"ನಿನ್ನಿ ಸಂಜಿಕೋ, ಮುಂಜಾನೆಯೋ?"

"ಮುಂಜಾನೆ."

ಬಸವಣಪ್ಪ ಬುತ್ತಿಯನ್ನು ಅವಳ ಕೈಗಿಟ್ಟ. "ಉಣ್ಣು," ಎಂದಷ್ಟೇ ಹೇಳಿ ಎಸ್.ಟಿ.ಡಿ. ಅಂಗಡಿಯ ಕಡೆ ನಡೆದ.

ಭಾನುವಾರ ಕತ್ತಲಾಗುವ ಮುನ್ನ ರೂಪಾಲಿ ಬಂದಳು. ಸೋಮವಾರ ಪರೀಕ್ಷೆ ಬರೆದಳು. ಪಾಸಾದಳು, ಅದೂ ಬಹಳ ಚೆನ್ನಾಗಿ ಅಲ್ಲ. ಆದರೆ ಸೀಟು ಉಳಿಯಿತು. ಮನೆಯಲ್ಲಿ ಕಸ್ತೂರಿಬಾಯಿ ಓಣಿಯವರಿಗೆಲ್ಲ ಹೇಳಿದಳು: ನಮ್ಮ ವಿದ್ಯಾಳ ಬುದ್ಧಿ ನೋಡ್ರಿ, ಉಳ್ಳಾಗಡ್ಡಿ ಕಂಡರೆ ನಾವು ತಡ ಮಾಡೇವು ಅಂತ ಖಾಲಿ ಡಬ್ಬಿ ಕಳಿಸಿ ಓಡಿಸಿದಳು. ರೂಪಾಲಿ ಅಕ್ಕನ ಕೊರಳಿಗೆ ಬಿದ್ದಳು. ಬಸವಣಪ್ಪ ಬಾಗಿಲಲ್ಲಿ ನಿಂತು ಎಲೆಗೆ ಸುಣ್ಣ ಹಚ್ಚಿಕೊಳ್ಳುತ್ತಿದ್ದ. ತಲೆ ಎತ್ತಲಿಲ್ಲ. ನೋಟಿಸು ಅವಳಿಗೆ ಮುಂಜಾನೆಯೇ ಕಂಡಿತ್ತೆಂಬುದನ್ನು ಅವನು ಅಂದೂ ಯಾರಿಗೂ ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ.

ರೂಪಾಲಿ ಧಾರವಾಡದಲ್ಲೇ ಎಂ.ಎಸ್ಸಿ. ಮುಗಿಸಿ ಅಲ್ಲೇ ಕಾಲೇಜಿನಲ್ಲಿ ಕಲಿಸಲು ನಿಂತಳು. ವಿದ್ಯಾವತಿ ಹುಮನಾಬಾದಿನಲ್ಲಿ ಡಿಗ್ರಿ ಮುಗಿಸಿ, ಬಿ.ಎಡ್. ಮಾಡಿ ಮನ್ನಾಏಖೇಳ್ಳಿಗೆ ಬಂದಳು. ಮಕ್ಕಳಿಗೆ ಲೆಕ್ಕ ಕೊಟ್ಟಾಗ ಯಾವನಾದರೂ ಇದು ಪುಸ್ತಕದಲ್ಲಿಲ್ಲ ಟೀಚರ್ ಎಂದರೆ ಅವಳಿಗೆ ಸಿಟ್ಟು ನೆತ್ತಿಗೇರುತ್ತದೆ. ತಪ್ಪು ಮಾಡು, ಅಳಿಸು, ಆದರೆ ಸುಮ್ಮನೆ ನಿಲ್ಲಬೇಡ ಎನ್ನುತ್ತಾಳೆ. ಯಾರಿಂದ ಕಲಿತದ್ದೆಂದು ಹೇಳುವುದಿಲ್ಲ.

ಕಳೆದ ದಸರೆಗೆ ರೂಪಾಲಿ ಬಂದಿದ್ದಳು. ಎರಡು ದಿನ ಅಕ್ಕನ ಮನೆಯಲ್ಲಿದ್ದು, ಹಳೆಯದನ್ನೆಲ್ಲ ನೆನೆದು ನಕ್ಕು ಹೊರಟಳು. ಬಸ್ ಹತ್ತಿಸಲು ವಿದ್ಯಾವತಿಯೂ ಜೊತೆಗೆ ಬಂದಳು. ದಾರಿಗೆಂದು ಕಟ್ಟಿಕೊಟ್ಟ ಬುತ್ತಿಯನ್ನು ಹುಮನಾಬಾದಿನ ಬಸ್ ಸ್ಟ್ಯಾಂಡಿನಲ್ಲೇ ಇಬ್ಬರೂ ಕೂತು ಉಂಡರು. ರೂಪಾಲಿ ನಳದ ಕೆಳಗೆ ಡಬ್ಬಿ ತೊಳೆದು ಮುಚ್ಚಿ ಕೊಟ್ಟಳು. "ನೀ ಅವತ್ತ ಆ ಡಬ್ಬಿ ಕಳಸಲಿಲ್ಲಂದ್ರ ನಾ ಇವತ್ತ ಎಲ್ಲಿ ಇರ್ತಿದ್ದೆ ಅಕ್ಕಾ?"

"ಬಸ್ ಬಿಡಾಕತ್ತದ, ಹತ್ತು," ಎಂದಳು ವಿದ್ಯಾವತಿ.

ಬಸ್ಸು ಹೋದ ಮೇಲೆ ಡಬ್ಬಿ ಅಲ್ಲಾಡಿಸಿ ನೋಡಿದಳು. ಒಳಗೆ ಏನೋ ಟಣಕ್ಕೆಂದಿತು. ಮುಚ್ಚಳ ತೆಗೆದರೆ ರೂಪಾಲಿ ಧಾರವಾಡದಿಂದಲೇ ತಂದು ಹಾಕಿದ್ದ ಬೆಲ್ಲದ ಚೂರು. ಬಾಯಿಗೆ ಹಾಕಿಕೊಂಡಳು. ಒಳ್ಳೆಯ ಬೆಲ್ಲವೇ. ಅದೂ ತನ್ನ ಮನೆಯ ಬೆಲ್ಲಕ್ಕಿಂತ ಸಿಹಿ ಹೆಚ್ಚು ಎನ್ನಿಸಿ ಅವಳಿಗೆ ಸಿಟ್ಟು ಬಂತು.