ಬೀರುವಿನ ಹಿಂದಿನ ಗೋಡೆ

ಕೊಳ್ಳುವವರ ಪರವಾಗಿ ಮನೆ ಪರೀಕ್ಷಿಸುವುದು ಅವನ ಕೆಲಸ. ಹಲ್ಲಿ ಕಂಡರೆ ಏಣಿ ಸಮೇತ ಉರುಳುವ ಧೀರ. ಈ ಮನೆಯಲ್ಲಿ ಗೋಡೆಗೊತ್ತಿ ನಿಂತಿದ್ದ ಬೀರು ಸರಿಸಲು ದಲ್ಲಾಳಿ ಬಿಡಲಿಲ್ಲ. ‘ಬೀರುವಿನ ಹಿಂದಿನ ಗೋಡೆ ನೋಡಿಲ್ಲ’ ಎಂದು ಅವನು ವರದಿಯಲ್ಲಿ ಬರೆದ.

“ಆ ಸಾಲು ತೆಗಿ ತಮ್ಮಾ. ಗೋಡೆ ಚೆನ್ನಾಗಿದೆ ಅಂತ ಬರಿ. ಇಲ್ಲಾಂದ್ರೆ ನಿಮ್ಮ ಸಾಹೇಬರಿಗೆ ಹೇಳಿ ಕೆಲಸದಿಂದ್ಲೇ ತೆಗೆಸ್ತೀನಿ.”

ಅವನು ವರದಿಯನ್ನು ಎದೆಗವಚಿಕೊಂಡ. “ನಾಳೆ ಗೋಡೆ ಸೋರಿದ್ರೆ ಕೋರ್ಟಲ್ಲಿ ಕೈಕಟ್ಟಿ ನಿಲ್ಲೋನು ನಾನು. ನೋಡದೇ ಇದ್ದಿದ್ದನ್ನ ನೋಡಿದೆ ಅನ್ನಲ್ಲ ಅಣ್ಣಾ. ಫೋನ್ ಮಾಡಿ, ನಂಬರ್ ನಾನೇ ಕೊಡ್ತೀನಿ.”

ದಲ್ಲಾಳಿ ಫೋನ್ ತೆಗೆಯುವಷ್ಟರಲ್ಲಿ ಅವನು ಸಹಿ ಹಾಕಿ, ಬಾಗಿಲಲ್ಲಿ ನಿಂತಿದ್ದ ಕೊಳ್ಳುವಾಕೆಗೆ ಆ ಸಾಲನ್ನೇ ಗಟ್ಟಿಯಾಗಿ ಓದಿದ.

ಆಕೆ ಸೆರಗು ಸಿಕ್ಕಿಸಿಕೊಂಡು ಬೀರುವಿಗೆ ಕೈ ಹಚ್ಚಿ, ವರದಿ ಓದಿದವನನ್ನು ಕರೆದಳು. “ಒಂದು ಕಡೆ ನೀನು ಹಿಡಿಯಪ್ಪಾ!”